ದಮ್ ಹಿಡಿ ಎಂದವಳು

ದುಮ್ಮವಾಡ
೧೯ ನವೆಂಬರ್ ೨೦೨೪

ಚಿ. ಸೌ. ರೋಹಿಣಿಗೆ,

ನಿನ್ನ ಅತ್ತೆ ರೇವವ್ವ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಹಾಗೆ ಬರೆಯಲು ಕೈ ಏಳಲಿಲ್ಲ. ನೀನು ಕೂಸನ್ನು ಎತ್ತಿಕೊಂಡು ಅಣ್ಣಿಗೇರಿಗೆ, ನಿನ್ನ ಅಣ್ಣನ ಮನೆಗೆ ಹೋಗಿ ಎರಡು ತಿಂಗಳಾಯಿತು. ಇಷ್ಟು ದಿನ ಒಂದು ಅಕ್ಷರವನ್ನೂ ಬರೆಯದೆ ಕೂತಿದ್ದಕ್ಕೆ ಸಿಟ್ಟಾಗಬೇಡ. ಏಳನೆಯ ಇಯತ್ತೆ ಕಲಿತವಳು ನಾನು, ಪೆನ್ನು ಹಿಡಿದು ಎಷ್ಟೋ ವರ್ಷವಾಗಿದೆ. ಫೋನು ಮಾಡಬಹುದಿತ್ತು. ಆದರೆ ನಿನ್ನ ಮಾವನಿಗೆ ಕಿವಿ ಮಂದವಾದಾಗಿನಿಂದ ನಮ್ಮ ಮನೆಯಲ್ಲಿ ಸ್ಪೀಕರ್ ಹಾಕದೆ ಮಾತೇ ಇಲ್ಲವಲ್ಲ. ಇದು ಕಟ್ಟೆಯ ಮೇಲೆ ಕೂತವರೆಲ್ಲ ಕೇಳುವಂಥ ಸುದ್ದಿಯಲ್ಲ. ಅದಕ್ಕೇ ನಿನ್ನ ಅಣ್ಣನ ಹೆಂಡತಿ, ನಿಮ್ಮ ವೈನಿ, ಕೆಲಸ ಮಾಡುವ ಅಂಗನವಾಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಗಂಡಸರ ಕೈಗೆ ಕೊಡಬೇಡಿ.

ಎಮ್ಮೆ ಈದಿದೆ, ಹೆಣ್ಣುಗರು. ಗೋವಿನಜೋಳದ ರಾಶಿ ಮುಗಿದಿದೆ. ಪ್ರಭು ಹೊಲ, ಮನೆ ಎಂದು ಓಡಾಡಿಕೊಂಡಿದ್ದಾನೆ, ಮಾತು ಕಡಿಮೆ. ಮೊನ್ನೆ ಊಟಕ್ಕೆ ಬಡಿಸುತ್ತಾ ಕೇಳಿದೆ, "ಆಕಿ ಯಾಕ ಹೋದ್ಲು ಅಂತ ಗೊತ್ತೈತೇನಪಾ ನಿನಗ?"

"ನಾ ಏನ್ ಹೊಡದೇನಿ, ಬೈದೇನಿ? ಹಾಸಗಿ ವಾಸನಿ ಬರತೈತಿ, ಬ್ಯಾರೆ ಮಲಕೋ ಅಂದ್ನಿ. ಅಷ್ಟ" ಎಂದ.

ಅಷ್ಟೇ ಅಂತೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಬಾಯಲ್ಲಿ ಈ ಮಾತು ಕೇಳಿ ನಾಚಿಕೆಯಾಯಿತು. ಇನ್ನೊಂದು ರೊಟ್ಟಿ ಕೇಳಿದ. ಕೊಡಲಿಲ್ಲ, ಎದ್ದು ಹೋದೆ.

ಹೊರಡುವ ದಿನ ನೀನು ಅಳುತ್ತಾ ಹೇಳಿದ್ದೆ, ಕೆಮ್ಮಿದರೆ, ಸೀನಿದರೆ ಮೂತ್ರ ನಿಲ್ಲುವುದಿಲ್ಲ, ಕೆಳಗೆ ಏನೋ ಜಾರಿ ಬಂದಂತಾಗುತ್ತದೆ ಎಂದು. ನಾನು ತುಟಿ ಬಿಚ್ಚಲಿಲ್ಲ. ದೀಪಾವಳಿ ಮುಗಿದ ಮೇಲೆ ಒಬ್ಬಳೇ ಬಸ್ಸು ಹತ್ತಿ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋದೆ. ಹೋದದ್ದು ನಿನ್ನ ಸಲುವಾಗಿ ಕೇಳಲು, ಮಲಗಿಸಿ ನೋಡಿದ್ದು ನನ್ನನ್ನು. ಅಲ್ಲಿಯ ಡಾಕ್ಟರಬಾಯಿ ಹಾಗೆ ಬಿಡುವವಳಲ್ಲ.

ನಿನಗಿರುವುದೇ ನನಗೂ ಇದೆ ರೋಹಿಣಿ. ನಿನ್ನ ಗಂಡ ಹುಟ್ಟಿದಾಗಿನಿಂದ. ಗರ್ಭಕೋಶ ಜಾರಿದೆ. ಸಂಜೆಯ ಹೊತ್ತಿಗೆ ಹೊರಗೆ ಬಂದಿರುತ್ತದೆ, ಕೈಯಿಂದ ಒಳಗೆ ತಳ್ಳಿಕೊಂಡು ಅಡುಗೆಗೆ ಕೂರುತ್ತೇನೆ.

"ಎಷ್ಟ್ ವರ್ಷ ಆತ್ರಿ ಅವ್ವಾರ?" ಎಂದು ಡಾಕ್ಟರಬಾಯಿ ಕೇಳಿದಳು.

"ಮೂವತ್ತೊಂದು."

"ಯಾರ ಮುಂದೂ ಹೇಳಿಲ್ಲೇನ್ರಿ?"

"ಇಂಥಾದ್ದ ಯಾರ ಮುಂದ ಹೇಳೂದ್ರಿ?"

ಅವಳು ಕೈ ತೊಳೆದುಕೊಂಡು ಬಂದಳು. ನನ್ನದು ಬರೀ ವ್ಯಾಯಾಮಕ್ಕೆ ಬಗ್ಗುವ ಹಂತ ದಾಟಿದೆಯಂತೆ, ಆಪರೇಷನ್ ಬೇಕಂತೆ. ನಿನ್ನ ಸಂಗತಿ ಹೇಳಿದೆ. ಇಪ್ಪತ್ತಾರು ವರ್ಷದ ಹುಡುಗಿ, ಹೆರಿಗೆಯಾಗಿ ವರ್ಷ ತುಂಬಿಲ್ಲ, ಹೆಚ್ಚು ಜಾರಿರದಿದ್ದರೆ ವ್ಯಾಯಾಮದಿಂದಲೇ ಬಹಳ ಮಟ್ಟಿಗೆ ಸುಧಾರಿಸಬಹುದು, ಆದರೆ ಮೊದಲು ಪರೀಕ್ಷೆ ಆಗಬೇಕು, ಬೇಗ ಆಗಬೇಕು ಎಂದಳು. ಆಮೇಲೆ ಬಾಜು ಕೋಣೆಗೆ, ವ್ಯಾಯಾಮ ಕಲಿಸುವ ರೂಬಿನಾ ಎಂಬ ಹುಡುಗಿಯ ಹತ್ತಿರ ಕಳಿಸಿದಳು.

ರೂಬಿನಾ ನನ್ನನ್ನು ಅಂಗಾತ ಮಲಗಿಸಿ ಮೊಣಕಾಲು ಮಡಚಿಸಿದಳು. ಒಂದು ಕೈ ಎದೆಯ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. "ದಮ್ ತಗೋರಿ. ಹೊಟ್ಟಿ ಉಬ್ಬಲಿ, ಪಕ್ಕಡಿ ಎಲಬು ಅಗಲ ಆಗಲಿ, ಕೆಳಗ ಸಡ್ಲ ಬಿಡ್ರಿ. ಈಗ ಸಾವಕಾಶ ದಮ್ ಬಿಡ್ರಿ, ಬಿಡಕೊಂತ, ಉಚ್ಚಿ ತಡಕೊಂತೀರಲ್ಲ, ಹಂಗ ಮ್ಯಾಲ ಎಳಕೋರಿ."

ಎಳೆದುಕೊಂಡೆ. ಅವಳು ನನ್ನ ಮುಖ ನೋಡಿ ನಕ್ಕಳು. "ಅವ್ವಾರ, ದಮ್ ಹಿಡದೀರಿ. ಬಿಡ್ರಿ."

ಮತ್ತೆ ಮಾಡಿದೆ. ಮತ್ತೆ ಹಿಡಿದಿದ್ದೆ. ಐದು ಸಲ, ಆರು ಸಲ. ಶಕ್ತಿ ಹಾಕಬೇಕೆಂದರೆ ನನ್ನ ಉಸಿರು ತಾನಾಗಿ ಕಟ್ಟಿಕೊಳ್ಳುತ್ತದೆ. ಕೊಡ ಎತ್ತುವಾಗ ದಮ್ ಹಿಡಿ, ಹುಲ್ಲಿನ ಹೊರೆ ಎತ್ತುವಾಗ ದಮ್ ಹಿಡಿ, ಗಂಡ ಬೈದರೂ ದಮ್ ಹಿಡಿ, ಕಷ್ಟ ಬಂದರೂ ದಮ್ ಹಿಡಿ. ನನ್ನ ಅತ್ತೆ ನನಗೆ ಕಲಿಸಿದ್ದು ಇದೊಂದೇ ಮಾತು.

ರೂಬಿನಾ ನನ್ನನ್ನು ಎಬ್ಬಿಸಿ ಕೂರಿಸಿ ತಿಳಿಸಿ ಹೇಳಿದಳು. ಹೊಟ್ಟೆಯೊಳಗಿನದನ್ನೆಲ್ಲ ಹೊತ್ತು ನಿಂತಿರುವುದು ತಳದ ಮಾಂಸಖಂಡ. ಉಸಿರು ಕಟ್ಟಿ ಭಾರ ಎತ್ತಿದರೆ ಒತ್ತಡವೆಲ್ಲ ಅದರ ಮೇಲೆ ಬೀಳುತ್ತದೆ. ಹಸಿ ಬಾಣಂತಿಯಲ್ಲಿ ಅದು ಮೊದಲೇ ಸೋತಿರುತ್ತದೆ. "ಹೊಟ್ಟಿ ಕಟ್ಟಿದ್ರೇನ್ರಿ?" ಎಂದು ಕೇಳಿದೆ. "ಅಗದಿ ಬಿಗದ ಕಟ್ಟಿದ್ರ ಒಳಗಿಂದು ಎಲ್ಲಿ ಹೋಗಬೇಕ್ರಿ? ಕೆಳಗ ಒತ್ತತೈತಿ" ಎಂದಳು.

ನಿನಗೆ ತಾಯಿ ಇಲ್ಲ. ನಿನ್ನ ಬಾಣಂತನ ಮಾಡಿದವಳು ನಾನು. ಹೊಟ್ಟೆ ಜೋಲಬಾರದೆಂದು ಹಳೆಯ ಇಳಕಲ್ ಸೀರೆ ಸುತ್ತಿ, ಮೊಣಕಾಲು ಕೊಟ್ಟು ಜಗ್ಗಿ ಬಿಗಿದವಳು ನಾನು. "ಅತ್ತಿ, ಉಸರ ಆಡವಲ್ದು" ಎಂದಿದ್ದೆ ನೀನು. ಎರಡು ತಿಂಗಳು ತುಂಬುತ್ತಲೇ ತುಂಬಿದ ಕೊಡ ಎತ್ತಿಸಿ, ದಮ್ ಹಿಡಿ ಎಂದವಳೂ ನಾನೇ. ಈ ಪಾಪವನ್ನು ಎಲ್ಲಿ ಇಳಿಸಲಿ?

ಕಲಿತುಬಂದದ್ದನ್ನು ಬರೆಯುತ್ತೇನೆ, ಕೇಳು. ಪರೀಕ್ಷೆಯಾದ ಮೇಲೆ ಅವರು ಹೇಳಿದಂತೆಯೇ ಮಾಡು, ಅಲ್ಲಿಯವರೆಗೆ ಇಷ್ಟು. ಮಲಗಿ ಉಸಿರಾಡುವುದನ್ನು ಮೇಲೆ ಬರೆದಿದ್ದೇನೆ, ಬೆಳಿಗ್ಗೆ, ಸಂಜೆ ಹತ್ತು ಹತ್ತು ಸಲ ಮಾಡು. ಎಳೆದುಕೊಂಡಷ್ಟೇ ಹೊತ್ತು ಪೂರ್ತಿ ಸಡಿಲವಾಗಿಯೂ ಬಿಡಬೇಕು. ಕೂಸನ್ನು ಎತ್ತುವಾಗ ಹತ್ತಿರ ಹೋಗಿ, ಮೊಣಕಾಲು ಬಗ್ಗಿಸಿ, ಉಸಿರು ಬಿಡುತ್ತಾ ಏಳು. ನೀನು ಅವಳನ್ನು ಒಂದು ಬದಿಗೆ ಕೂರಿಸಿಕೊಂಡು ಸೊಂಟ ಮುಂದಕ್ಕೆ ತಳ್ಳಿ ನಿಲ್ಲುತ್ತೀಯಲ್ಲ, ಅದು ಬೇಡ. ಎರಡೂ ಪಾದಗಳ ಮೇಲೆ ಸಮನಾಗಿ ನೆಟ್ಟಗೆ ನಿಲ್ಲು. ಬಹಿರ್ದೆಸೆಗೆ ಕೂತಾಗ ತಿಣುಕಬೇಡ. ನಾಚಿಕೆ ಪಡಬೇಡ. ನಾಚಿಕೊಂಡು ನಾನು ಏನು ಗಳಿಸಿದೆ ಎಂಬುದನ್ನು ಮೇಲೆ ಓದಿದೆಯಲ್ಲ.

ಪ್ರಭುವಿಗೆ ಎಲ್ಲ ಹೇಳಿದ್ದೇನೆ, ನನ್ನದನ್ನೂ ಸೇರಿಸಿ. ತಲೆ ತಗ್ಗಿಸಿ ಕೂತ. ಅವನನ್ನು ಕರೆದುಕೊಂಡು ಬಂದು ನಿನ್ನನ್ನು ಹುಬ್ಬಳ್ಳಿಗೆ ಒಯ್ಯಬೇಕು, ಅಲ್ಲಿಂದ ಮನೆಗೆ ಕರೆತರಬೇಕು ಎಂದು ನನ್ನ ಆಸೆ.

ಕೂಸಿಗೆ ನನ್ನ ಮುತ್ತು. ನಿನ್ನ ಮೈ ಗಟ್ಟಿಯಾಗಲಿ, ಕೆಮ್ಮಿ, ಸೀನಿ, ಹೊಟ್ಟೆ ಹಿಡಿದುಕೊಂಡು ನಗುವ ದಿನ ನಿನಗೆ ಬರಲಿ.

ನಿನ್ನ ಅತ್ತೆ,
ರೇವವ್ವ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದ್ದೇನೆ. ಶ್ರಾವಣದಲ್ಲಿ ಒಂದು ಮಧ್ಯಾಹ್ನ ನೀನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ ಸೀನಿದೆ. ಸೀನಿದೊಡನೆ ತೊಡೆ ಜೋಡಿಸಿ, ಅರ್ಧ ಬಗ್ಗಿ, ಹಾಗೆಯೇ ನಿಂತುಬಿಟ್ಟೆ. ನೋಡಿದ ಕೂಡಲೇ ನನಗೆ ತಿಳಿಯಿತು. ಆಗ ನನಗೆ ಸಂಕಟವಾಗಲಿಲ್ಲ ರೋಹಿಣಿ. ಈಕೆಗೂ ಬಂತು, ನಾನೊಬ್ಬಳೇ ಅಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು. ಮರುದಿನ ಎಮ್ಮೆಯ ಹಿಂಡಿ ಚೀಲವನ್ನು ಒಳಗೆ ಇಡಬೇಕಿತ್ತು. ಪ್ರಭು ಪಡಸಾಲೆಯಲ್ಲೇ ಇದ್ದ. ನಾನು ನಿನ್ನನ್ನೇ ಕರೆದೆ. ನೀನು ಒಂದು ತುದಿ ಹಿಡಿದೆ, ನಾನು ಇನ್ನೊಂದು ತುದಿ ಹಿಡಿದೆ. ಭಾರ ನಿನ್ನ ಕಡೆಗೆ ವಾಲಲಿ ಎಂದು ನಾನು ಕೈ ಸಡಿಲ ಬಿಟ್ಟೆ. ಇದನ್ನು ಓದಿದ ಮೇಲೆ ಈ ಮನೆಗೆ ಬರುವುದೋ ಬಿಡುವುದೋ ನೀನೇ ಯೋಚಿಸು, ದವಾಖಾನೆಗೆ ಮಾತ್ರ ಹೋಗು.