ಅಮ್ಮನ ಚೀಟಿಗೆ ಶಿಲುಬೆ

ಕೂರ್, ೧೪ ನವೆಂಬರ್ ೧೯೬೩, ಗುರುವಾರ

ಆ ಚೀಟಿ ಇನ್ನೂ ಕಣ್ಣ ಮುಂದಿದೆ.

ನಿಘಂಟು ಕಚೇರಿಯಲ್ಲಿ ಇವತ್ತು ‘ಕೊರ್ಪ್’ ಸರದಿ. ನಮ್ಮ ರೋಮಾಂಶ್ ಭಾಷೆಯಲ್ಲಿ ಮೈಗೆ ಇರುವ ಪದ. ಬೆಳಗಿನಿಂದ ಅದು ನಡೆದ ದಾರಿಯನ್ನೇ ಬರೆದೆ. ರೋಮಿನವರ ‘ಕೊರ್ಪುಸ್’ ಸೈನಿಕರ ಜೊತೆ ನಮ್ಮ ಕಣಿವೆಗೆ ಬಂತು. ಫ್ರೆಂಚರು ಮಾತಾಡುವಾಗ ಅದರ ಬಾಲ ನುಂಗಿದರು. ಜರ್ಮನರು ಪಾದ್ರಿಗಳಿಂದ, ವೈದ್ಯರಿಂದ ಕಲಿತರು. ಇಂಗ್ಲಿಷರು ಹೆಣಕ್ಕೆ ಮೀಸಲಿಟ್ಟರು. ಹೆಣ ಎಂದು ಬರೆದು ಮುಂದಿನ ಸಾಲಿಗೆ ಹೋದೆ.

ಮಧ್ಯಾಹ್ನ ಸಂಪಾದಕ ಫ್ಲುರಿನ್ ಈ ಪದಕ್ಕೆ ನಮ್ಮೂರಿನವರಿಂದ ಕೇಳಿ ಬರೆದ ಚೀಟಿ ತಂದರು. ಇದ್ದದ್ದು ಒಂದೇ, ಒಂಬತ್ತು ವರ್ಷದ ಹಿಂದೆ ನಾನೇ ಅಮ್ಮನನ್ನು ಕೇಳಿ ಬರೆದದ್ದು. ಪದ ಹೇಳಿದವರು ತೀರಿಕೊಂಡರೆ ಚೀಟಿಯ ಮೂಲೆಯಲ್ಲಿ ಶಾಯಿಯಿಂದ ಶಿಲುಬೆ ಹಾಕುವುದು ನಮ್ಮ ಕಚೇರಿಯ ರೂಢಿ. ಅಮ್ಮನನ್ನು ಮಣ್ಣು ಮಾಡಿ ಮೂರು ವಾರವಾಯಿತು.

“ಮನೆಯವರನ್ನ ಕೇಳಿ ಖಾತ್ರಿ ಮಾಡ್ಕೊಂಡು ಹಾಕ್ಬೇಕು,” ಎಂದು ಅಭ್ಯಾಸಬಲದಿಂದ ಅಂದವರು ನನ್ನ ಮುಖ ನೋಡಿ ತಡವರಿಸಿದರು. “ನಾನೇ ಹಾಕ್ಲಾ, ಮೆಂಗಿಯಾ?”

“ಮನೆಯವಳು ನಾನೇ ಅಲ್ವಾ. ಖಾತ್ರಿ. ಕೊಡಿ ಇಲ್ಲಿ.”

ಹಾಕಿದೆ. ಗೆರೆ ನೆಟ್ಟಗೆ ಬಂತು. ಅಳು ಬರಲಿಲ್ಲ. ಮಣ್ಣು ಮಾಡಿದ ದಿನವೂ ಬಂದಿರಲಿಲ್ಲ.

ಆಮೇಲೆ ಚೀಟಿಯ ಕೆಳಗಿದ್ದ ಉದಾಹರಣೆ ಓದಿದೆ. ಈ ಪದ ಬಳಸಿ ಒಂದು ವಾಕ್ಯ ಹೇಳು ಎಂದು ಅಡುಗೆಮನೆಯಲ್ಲಿ ಪೀಡಿಸಿದ್ದಕ್ಕೆ ಅಮ್ಮ ಗದರಿದ್ದಳು. ನಾನು ಅದನ್ನೇ ಇದ್ದಹಾಗೆ ಬರೆದುಕೊಂಡಿದ್ದೆ: “ಮೈಯಂತೆ ಮೈ. ನಿನ್ ಮೈಲಿ ಏನಿದೆ, ಬರೀ ಮೂಳೆ. ಸೂಪ್ ಆರ್ತಿದೆ, ಕುಡಿಯೇ ಮೊದ್ಲು.”

ನಿಘಂಟಿನಲ್ಲಿ ಅದೇ ಅಚ್ಚಾಗುತ್ತದೆ.

ರಾತ್ರಿ ಮನೆಗೆ ಬಂದು ಬಾರ್ಲಿ ಸೂಪ್ ಬಿಸಿ ಮಾಡಿಟ್ಟುಕೊಂಡೇ ಬರೆಯಲು ಕೂತಿದ್ದೆ. ಈಗ ಮೇಲೆ ಕೆನೆ ಕಟ್ಟಿದೆ. ಹಸಿವಿಲ್ಲ. ಆದರೂ, ಅಮ್ಮ ಹೇಳಿದ ಮೇಲೆ ಕುಡಿಯಲೇಬೇಕು.