ನೀಲಿ ಚಿಪ್ಪುಗಳು

ಮಹಾವಿಜ್ಞಾನಿ ಅಣ್ಣನಿಗೆ,

ಶುಕ್ರವಾರದ ನಿನ್ನ ಸನ್ಮಾನಕ್ಕೆ ನಾನು ಬರುವುದಿಲ್ಲ. ನನಗೆ ತಲೆನೋವೆಂದು ಅಮ್ಮನಿಗೆ ಹೇಳು. ಸುಳ್ಳು ನಿನಗೆ ನೀರು ಕುಡಿದಷ್ಟು ಸುಲಭ.

ನಿನ್ನ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಸಮುದ್ರತಳದ ಕೆಸರು ಸೋಸಿ, ಸಾಸಿವೆಗಿಂತ ಸಣ್ಣ ಚಿಪ್ಪುಗಳನ್ನು ಆರಿಸುತ್ತಿರುವವಳು ನಾನು. ಈ ಕೆಲಸದ ಎಲ್ಲ ಪ್ರಯೋಗಾಲಯಗಳಲ್ಲೂ ಮಾಡುವಂತೆ, ಪ್ರತಿಸಲ ತೊಳೆದ ಜರಡಿಯನ್ನು ನೀಲಿ ಬಣ್ಣದಲ್ಲಿ ಅದ್ದುತ್ತೇನೆ. ಹಳೆಯ ಚಿಪ್ಪೇನಾದರೂ ಅದರಲ್ಲಿ ಉಳಿದಿದ್ದರೆ ನೀಲಿಯಾಗುತ್ತದೆ. ಮುಂದಿನ ಕೆಸರಿನಲ್ಲಿ ಸೇರಿಕೊಂಡರೂ ಕಳ್ಳನಂತೆ ಸಿಕ್ಕಿಬೀಳುತ್ತದೆ.

ಬೆಚ್ಚನೆಯ ಕಾಲದ ಪದರದಲ್ಲಿ ತಣ್ಣೀರಿನ ಜೀವಿಗಳ ಮೂರು ಚಿಪ್ಪು ಸಿಕ್ಕವೆಂದು, ಆಗ ಸಮುದ್ರ ಇದ್ದಕ್ಕಿದ್ದಂತೆ ತಣ್ಣಗಾಗಿತ್ತೆಂದು ಡಂಗುರ ಸಾರಿದೆಯಲ್ಲ, ಆ ಮೂರೂ ನೀಲಿ. ಹಿಂದಿನ ಕೆಸರಿನ ಉಳಿಕೆ. ಅಂದೇ ನಿನಗೆ ಹೇಳಿದ್ದೆ. "ಜರಡಿ ತೊಳೆಯೋಳಿಗೆ ಇದೆಲ್ಲ ಯಾಕೆ? ಬಾಯ್ಮುಚ್ಕೊಂಡಿರು" ಎಂದು ಗದರಿದವನು ನೀನು. ಪತ್ರಿಕೆಗೆ ಕಳಿಸಿದ್ದೋ ಕಪ್ಪುಬಿಳುಪು ಫೋಟೋ.

ನಾನು ಬಾಯಿ ಮುಚ್ಚಿಕೊಂಡೇ ಇದ್ದೇನೆ. ಆದರೆ ನಿನ್ನೆ ಅಮ್ಮ ಬಂದು, ಮಗ ಕಂಡುಹಿಡಿದದ್ದನ್ನು ನೋಡಬೇಕೆಂದಳು. ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. "ಅಯ್ಯೋ, ಎಷ್ಟು ಚೆಂದದ ನೀಲಿ!" ಅಂದಳು. ಸಭೆಗೆ ಬರುವ ವಿಜ್ಞಾನಿಗಳಿಗೆಲ್ಲ ಅದನ್ನೇ ವರ್ಣಿಸುತ್ತಾಳಂತೆ.

ಮುಂದಿನ ಸಾಲಿನಲ್ಲೇ ಅವಳಿಗೊಂದು ಕುರ್ಚಿ ಹಾಕಿಸು.

ಇತಿ,
ಜರಡಿ ತೊಳೆಯುವ ನಿನ್ನ ತಂಗಿ