ಹನ್ನೆರಡರ ಗುರುತು

ಹಿಂಟರ್‌ಗ್ರೀಸ್, ಟಿರೋಲ್
೧೧ ನವೆಂಬರ್ ೧೯೯೩, ಗುರುವಾರ

ರೋಮೆಡ್,

'ಪ್ರಿಯ' ಎಂದು ಶುರು ಮಾಡಿ ಎರಡು ಹಾಳೆ ಹರಿದು ಒಲೆಗೆ ಹಾಕಿದ್ದೇನೆ. ಈ ಸಲ ಬರೀ ಹೆಸರು. ಹತ್ತು ತಿಂಗಳು ಒಂದು ಸಾಲೂ ಬರೆಯದವಳು ಇದ್ದಕ್ಕಿದ್ದಂತೆ ಪ್ರಿಯ ಎಂದರೆ ನೀನೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಕೊನೆಯವರೆಗೆ ಓದು, ಅಷ್ಟು ಸಾಕು.

ನಿನ್ನೆ ಮಧ್ಯಾಹ್ನದ ಬಸ್ಸಿನಲ್ಲಿ ನಿನ್ನ ಸ್ಕೀ ಸಲಕರಣೆ ಪೆಟ್ಟಿಗೆ ಬಂತು. ಡ್ರೈವರ್ ಹೊಸ್ತಿಲ ಮೇಲೆ ಇಟ್ಟು ಹೋದ. ಪೆಟ್ಟಿಗೆಗೆ ಹಗ್ಗ, ಹಗ್ಗಕ್ಕೆ ಸಿಕ್ಕಿಸಿದ ಚೀಟಿ: 'ಅಮ್ಮಾ, ಯಾರಿಗೆ ಬೇಕೋ ಅವರಿಗೆ ಕೊಡು. ನನಗಿನ್ನು ಬೇಡ.' ನಿನ್ನಮ್ಮ ಓದಿ ಚೀಟಿಯನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡು, "ಗಂಡಸ್ರಿಗೆ ಬೇಜಾರಾದ್ರೆ ಮನೆ ಬಿಡ್ತಾರೆ, ಇನ್ನೂ ಬೇಜಾರಾದ್ರೆ ಸಾಮಾನು ಬಿಡ್ತಾರೆ" ಎಂದರು. ನಗಿಸುವ ಹಾಗೇ ಹೇಳಿದರು. ಆಮೇಲೆ ಒಲೆಯ ಪಕ್ಕದ ಬೆಂಚಿನ ಮೇಲೆ ಕೂತವರು ಏಳಲೇ ಇಲ್ಲ. ಕುದಿಯಲು ಬಿಟ್ಟ ಕ್ನೋಡೆಲ್ ಉಂಡೆ ಅಷ್ಟೂ ನೀರಿನಲ್ಲಿ ಒಡೆದು ಗಂಜಿಯಾಯಿತು. ನಾನು ಈ ಮನೆಗೆ ಬಂದ ಮೇಲೆ ನಿನ್ನಮ್ಮ ಕೆಡಿಸಿದ ಮೊದಲ ಅಡುಗೆ ಅದು. ಇಬ್ಬರೂ ಅದನ್ನೇ ಉಂಡೆವು.

ಕೆಳಕೇರಿಯ ಆಗ್ನೆಸ್ ಬಂದಿದ್ದಳಂತೆ ನಿನ್ನ ಹತ್ತಿರ, ಈ ವರ್ಷದ ರೇಸುಗಳಿಗೆ ತನ್ನ ಸ್ಕೀ ನೋಡಿಕೊಳ್ಳಿ ಎಂದು ಕೇಳಲು. "ಕೈ ತಪ್ಪಿದವನ ಹತ್ರ ಕಾಲು ಕೊಡಬೇಡಮ್ಮ" ಎಂದು ಕಳಿಸಿದೆಯಂತೆ. ಭಾನುವಾರ ಅವಳು ಇಲ್ಲಿ ಬಂದು ಹೇಳುವಾಗ ನಾನು ನೆಲದ ಮೇಲೆ ಮಲಗಿ ಕಾಲು ಎತ್ತಿ ಇಳಿಸುತ್ತಿದ್ದೆ. ಎಣಿಕೆ ತಪ್ಪಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಮುಟ್ಟಿಕೊಂಡದ್ದು ಮಂಡಿ.

ಮಂಡಿಯ ಸುದ್ದಿ ಮೊದಲು ಹೇಳಿಬಿಡುತ್ತೇನೆ, ಕಾಗದದಲ್ಲಿ ನೀನು ಅದನ್ನೇ ಹುಡುಕುತ್ತೀಯೆ. ತೊಡೆಯ ಹಿಂದಿನಿಂದ ಒಂದು ಎಳೆ ತೆಗೆದು, ಹರಿದ ಲಿಗಮೆಂಟಿನ ಜಾಗದಲ್ಲಿ ಕೂರಿಸಿದ್ದಾರೆ. ಅದು ಹಿಡಿದುಕೊಂಡಿದೆ ಎಂದು ಡಾಕ್ಟರು ಹೇಳುತ್ತಾರೆ. ನನಗೆ ಮಾತ್ರ ಬೇರೆಯವರ ಮನೆಯಿಂದ ತಂದ ಕುರ್ಚಿಯಲ್ಲಿ ಕೂತ ಹಾಗೆ, ಪೂರ್ತಿ ಭಾರ ಬಿಡಲು ಮನಸ್ಸು ಬರುವುದಿಲ್ಲ. ಊರುಗೋಲು ಬಿಟ್ಟ ದಿನ ನೋಡಿದರೆ ಬಲತೊಡೆ ನನ್ನದು, ಎಡತೊಡೆ ಯಾರೋ ಹನ್ನೆರಡು ವರ್ಷದ ಹುಡುಗಿಯದು. ಅಲ್ಲಿಂದ ಶುರು. ಹಿಮ್ಮಡಿ ಎಳೆಯುವುದು, ಸುತ್ತಿದ ಟವೆಲನ್ನು ಮಂಡಿಯಿಂದ ಒತ್ತುವುದು, ಎಲ್ಲಿಗೂ ಹೋಗದ ಸೈಕಲ್ ತುಳಿಯುವುದು, ಮೆಟ್ಟಿಲು ಹತ್ತುವುದು, ಅದೇ ಮೆಟ್ಟಿಲು ಇಳಿಯುವುದು. ನೋವಾದರೆ ಬಯ್ಯಬಹುದು. ಇದಕ್ಕೆ ಬಯ್ಯಲೂ ಬರುವುದಿಲ್ಲ. ಬೆಳಿಗ್ಗೆ ಎದ್ದರೆ ನಿನ್ನೆಯದೇ ಇವತ್ತು. ದಣಿದಿದ್ದೇನೆ ರೋಮೆಡ್. ಬೀಳುವ ಮೊದಲು ನನಗೆ ದಣಿವು ಎಂದರೆ ಏನೆಂದೇ ಗೊತ್ತಿರಲಿಲ್ಲ, ಅದನ್ನು ಓಡಿದ ಮೇಲಿನ ಏದುಸಿರು ಎಂದುಕೊಂಡಿದ್ದೆ.

ಮಗ ಬಿಟ್ಟು ಹೋದ ಸೊಸೆಯನ್ನು ನಿನ್ನಮ್ಮ ಬಿಡಲಿಲ್ಲ. ಸಂಜೆಯಾದರೆ ಗಟ್ಟಿ ಮೊಸರನ್ನು ಬಟ್ಟೆಗೆ ಬಳಿದು ಮಂಡಿಗೆ ಸುತ್ತುತ್ತಾರೆ, ಊತ ಇಳಿಯಲಿ ಎಂದು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತಿದೆ. ನಮ್ಮ ಮನೆಯಲ್ಲಿ ಬಾಯಿಗಿಲ್ಲ, ಎಲ್ಲ ಮಂಡಿಗೆ. ಡಾಕ್ಟರ ಅಳತೆಯಲ್ಲಿ ಅವರಿಗೆ ನಂಬಿಕೆ ಇಲ್ಲ. "ಎಷ್ಟು ಡಿಗ್ರಿ ಬಗ್ಗಿದ್ರೇನು, ಚರ್ಚಿನ ಹಲಗೆ ಮೇಲೆ ಮಂಡಿಯೂರಕ್ಕೆ ಬರತ್ತಾ ಹೇಳು" ಎನ್ನುತ್ತಾರೆ. ಪ್ರತಿ ಭಾನುವಾರ ಊರೆಲ್ಲ ಮಂಡಿಯೂರಿದಾಗ ನಾನೊಬ್ಬಳೇ ಕಂಬದ ಹಾಗೆ ನಿಂತಿರುತ್ತಿದ್ದೆ. ಹಿಂದಿನ ಸಾಲಿನ ಹೆಂಗಸರು, "ಪಾಪ, ಗಂಡ ಕಾಲೂ ತೆಗೆದ, ಕೈಯೂ ಬಿಟ್ಟ" ಎಂದದ್ದು ನನ್ನ ಕಿವಿಗೆ ಬಿದ್ದಿದೆ. ಒಂದಲ್ಲ, ಹತ್ತು ಸಲ. ನಾನು ತಿರುಗಿ ನೋಡಲಿಲ್ಲ.

ಈ ತಿಂಗಳ ಒಂದನೇ ತಾರೀಖು, ಹಿರಿಯರ ದಿನ, ನಿನ್ನಪ್ಪನ ಸಮಾಧಿಯ ಮುಂದೆ ಮಂಡಿಯೂರಿದೆ. ಒದ್ದೆ ಜಲ್ಲಿಯ ಮೇಲೆ. ಇಳಿದದ್ದು ಇಳಿದೆ, ಏಳಲು ಆಗಲಿಲ್ಲ. ನಿನ್ನಮ್ಮ ಭುಜ ಕೊಟ್ಟು ಎತ್ತುತ್ತಾ ಕಿವಿಯಲ್ಲಿ, "ಮಂಡಿ ಬಗ್ಗಿತಲ್ಲ. ಇನ್ನು ಈ ಕತ್ತೊಂದು ಬಗ್ಗಿದ್ರೆ ನಾನು ನೆಮ್ಮದಿಯಾಗಿ ಸಾಯ್ತೀನಿ" ಎಂದರು. ಅವರಿಗೆ ಎಷ್ಟು ಗೊತ್ತು ಎಂದು ನಾನು ಕೇಳಿಲ್ಲ. ಕೇಳುವ ಧೈರ್ಯ ಇಲ್ಲ.

ಇನ್ನು ಸುತ್ತಿ ಬಳಸುವುದು ಬೇಡ. ಎಡ ಸ್ಕೀಯ ಸ್ಕ್ರೂ ತಿರುಗಿಸಿದವಳು ನಾನು.

ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಕಟ್ಟುಪಾಡು. ಮದುವೆಗೂ ಮುಂಚಿನದು. ಇಳಿಜಾರಿನಲ್ಲಿ ನಾನು ಯಾವ ದಾರಿ ಹಿಡಿಯುತ್ತೇನೆ ಎಂದು ನೀನು ಕೇಳಬಾರದು. ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಬೈಂಡಿಂಗನ್ನು ನಾನು ಮುಟ್ಟಬಾರದು. ಎಷ್ಟು ಬಿಗಿಯಿರಬೇಕು, ಬಿದ್ದಾಗ ಯಾವ ಗಳಿಗೆಯಲ್ಲಿ ಬೂಟು ಬಿಟ್ಟುಕೊಳ್ಳಬೇಕು ಎನ್ನುವುದು ನಿನ್ನ ಲೆಕ್ಕ. ನೀನು ಕೂರಿಸಿ, ಸ್ಕೀಯ ಮೇಲೆ ಬಿಳಿ ಪಟ್ಟಿ ಅಂಟಿಸಿ, ಪೆನ್ಸಿಲಿನಲ್ಲಿ ಅಂಕೆ ಬರೆದರೆ ಮುಗಿಯಿತು. ಹನ್ನೊಂದು ವರ್ಷ ಹಾಗೇ ನಡೆಯಿತು.

ನಾನು ಬೀಳುವ ಹಿಂದಿನ ವಾರದ ರೇಸು ನೆನಪಿದೆಯಲ್ಲ. ಮೂರನೆಯವಳಾಗಿ ಬರಬೇಕಿದ್ದವಳು, ಕೊನೆಯ ತಿರುವಿನಲ್ಲಿ ಸ್ಕೀ ಕಳಚಿ, ಒಂದೇ ಕಾಲಿನಲ್ಲಿ ಬೇಲಿಗೆ ಹೋಗಿ ಒರಗಿದೆ. ಹದಿನೈದಕ್ಕೆ ಬಿಗಿ ಮಾಡು ಎಂದು ಅವತ್ತೇ ಕೇಳಿದೆ. ನೀನು, "ಹನ್ನೆರಡು. ನಿಂಗೀಗ ಮೂವತ್ತೊಂದು, ಬುರ್ಗಿ, ಇಪ್ಪತ್ತಲ್ಲ. ಪದಕ ಮುಂದಿನ ವಾರಾನೂ ಸಿಗತ್ತೆ, ಮೂಳೆ ಸಿಗಲ್ಲ" ಎಂದೆ. ವಯಸ್ಸಿನ ಮಾತು ಆಡಬಾರದಿತ್ತು ನೀನು. ಇವತ್ತಿಗೂ ಅದಕ್ಕೆ ಸಿಟ್ಟಿದೆ.

ಬಿದ್ದ ರೇಸಿನ ದಿನ ಬೆಳಿಗ್ಗೆ ನೀನು ನನಗೆ ಸೂಪು ತರಲು ಕೆಳಗೆ ಹೋದೆ. ಹಳದಿ ಹಿಡಿಯ ಸ್ಕ್ರೂಡ್ರೈವರ್ ಮೇಜಿನ ಮೇಲೇ ಇತ್ತು. ಎಷ್ಟು ಹೊತ್ತಿನ ಕೆಲಸ? ಬಲಗಾಲಿನದು ಮುಗಿಸಲು ಸಮಯವೂ ಸಿಗಲಿಲ್ಲ, ನಿನ್ನ ಬೂಟಿನ ಸದ್ದು ಕೇಳಿತು. ಎಡಗಾಲಿನದು ಹದಿನೈದು. ಪಟ್ಟಿಯ ಮೇಲೆ ನಿನ್ನ ಹನ್ನೆರಡು ಹಾಗೇ ಇತ್ತು. ಸೂಪು ಕುಡಿದು ಚೆನ್ನಾಗಿದೆ ಎಂದೆ.

ಮೇಲೆ, ಹೊರಡುವ ಕಟ್ಟೆಯ ಹತ್ತಿರ, ನೀನು ಎಂದಿನಂತೆ ಬಗ್ಗಿ ನನ್ನ ಬೂಟಿನ ಅಡಿಯ ಹಿಮ ಕೆರೆದೆ, ಸ್ಕೀಗೆ ಕೂರಿಸಿದೆ. ಅವತ್ತು ಬಗ್ಗಿದವನು ಸ್ವಲ್ಪ ಹೊತ್ತು ಏಳಲಿಲ್ಲ. ಸೊಂಟ ಹಿಡಿದಿರಬೇಕು ಎಂದುಕೊಂಡೆ. ಆಮೇಲೆ ಎದ್ದು ನನ್ನ ಮಂಡಿಗೆ ಎರಡು ಸಲ ತಟ್ಟಿ, "ಹೋಗಿ ಬಾ" ಎಂದೆ. ಮೂರನೇ ತಿರುವಿನಲ್ಲಿ ಬಿದ್ದೆ. ಮೈಯೆಲ್ಲ ಒಂದು ಕಡೆ ಉರುಳಿತು, ಎಡ ಸ್ಕೀ ಹಿಮದಲ್ಲಿ ಸಿಕ್ಕಿಕೊಂಡು ಇನ್ನೊಂದು ಕಡೆ ನಿಂತಿತು. ಹನ್ನೆರಡಿದ್ದರೆ ಬೂಟು ಬಿಟ್ಟುಕೊಳ್ಳುತ್ತಿತ್ತು. ಬಿಡಲಿಲ್ಲ. ಒಣ ಕಟ್ಟಿಗೆ ಮುರಿದಂಥ ಸದ್ದು ನನಗೇ ಕೇಳಿಸಿತು.

ಆಸ್ಪತ್ರೆಯಲ್ಲಿ ನೀನು ಮಂಚದ ಪಕ್ಕ ಕೂತು, "ತಪ್ಪು ನಂದು ಬುರ್ಗಿ. ನಾನು ನೋಡ್ಕೋಬೇಕಿತ್ತು" ಎಂದೆ. ನನಗೆ ಎಚ್ಚರವಿತ್ತು. ಕಣ್ಣು ಮುಚ್ಚಿಕೊಂಡೇ ಇದ್ದೆ. ಮಾರನೇ ದಿನ ಕೋಚ್ ಟಾಷ್ಲರ್ ಸ್ಕೀ ಹಿಡಿದುಕೊಂಡು ಬಂದು, ಪಟ್ಟಿಯಲ್ಲಿ ಹನ್ನೆರಡು, ಸ್ಕ್ರೂನಲ್ಲಿ ಹದಿನೈದು, ಇದೇನು ಎಂದು ಕೇಳಿದಾಗ ನೀನು ಎಲ್ಲರೆದುರು, "ಅವಸರದಲ್ಲಿದ್ದೆ, ಕೈ ತಪ್ತು" ಎಂದೆ. ಆಗಲೂ ನಾನು ಸುಮ್ಮನಿದ್ದೆ. ಹೇಳಿದ್ದರೆ ತಂಡದಲ್ಲಿ ನನ್ನ ಜಾಗ ಹೋಗುತ್ತಿತ್ತು. ನಿನ್ನ ಕೈ ತಪ್ಪಿದ್ದರಿಂದ, "ಹುಡುಗೀದೇನೂ ತಪ್ಪಿಲ್ಲ, ಅವಳ ಜಾಗ ಅವಳಿಗೇ" ಎಂದು ಟಾಷ್ಲರ್ ಮಾತು ಕೊಟ್ಟರು. ನಾಳೆ ಹೇಳುತ್ತೇನೆ, ಮಂಡಿ ಸ್ವಲ್ಪ ಬಗ್ಗಿದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ನೀನು ಹೊರಟೇ ಹೋದೆ, ಕಣಿವೆಯಾಚೆಯ ಸ್ಕೀ ಲಿಫ್ಟಿನ ಗಾಲಿಗಳಿಗೆ ಗ್ರೀಸು ಹಚ್ಚಲು.

ಹೋದದ್ದಕ್ಕೆ ಕೋಪ ಬಂತು, ಅದು ನನಗೆ ಅನುಕೂಲವೂ ಆಯಿತು. ಬಿಟ್ಟು ಹೋದವನಿಗೆ ಏಕೆ ಹೇಳಬೇಕು ಎಂದು ದಿನಾ ಕಾಲೆತ್ತುವಾಗ ಹೇಳಿಕೊಳ್ಳುತ್ತಿದ್ದೆ. ಊರಿನವರು ನಿನ್ನನ್ನು ಬಯ್ದರೆ ಕೇಳಿಸಿಕೊಂಡು ಸೂಪು ಕುಡಿಯುತ್ತಿದ್ದೆ. ನನ್ನ ಮೇಲೆ ಅನುಮಾನ ಪಡುವ ಮೊದಲು ನೀನು ನಿನ್ನ ಕೈಯ ಮೇಲೇ ಅನುಮಾನ ಪಟ್ಟೆಯಲ್ಲ, ನನ್ನನ್ನು ತಿನ್ನುತ್ತಿರುವುದು ಅದು. ಲಿಗಮೆಂಟು ಹರಿದರೆ ತೊಡೆಯಿಂದ ತೆಗೆದು ಹಾಕಬಹುದು. ಇದಕ್ಕೆ ಎಲ್ಲಿಂದ ತೆಗೆಯಲಿ.

ಇವತ್ತು ಬೆಳಿಗ್ಗೆ ಟಾಷ್ಲರ್‌ಗೆ ಫೋನು ಮಾಡಿ ಹೇಳಿದೆ. ಸೋಮವಾರ ಅವರ ಮುಂದೆ ನನ್ನ ಪರೀಕ್ಷೆ ಇದೆ, ಒಂಟಿ ಕಾಲಿನಲ್ಲಿ ಹಾರಿ ತೋರಿಸಬೇಕು, ಪಾಸಾದರೆ ಮತ್ತೆ ಹಿಮಕ್ಕೆ. "ಸೋಮವಾರ ಪರೀಕ್ಷೆ ಇಟ್ಕೊಂಡು ಗುರುವಾರ ಹೇಳ್ತೀಯಲ್ಲ ತಾಯಿ" ಎಂದರು. ಪರೀಕ್ಷೆ ಆದ ಮೇಲೆ ಹೇಳಿದರೆ ಅದು ಹೇಳಿದ ಹಾಗಾಗುವುದಿಲ್ಲ ಎಂದೆ. "ನಂಗಲ್ಲ, ಮೊದಲು ಅವನಿಗೆ ಬರಿ. ಸೋಮವಾರದ್ದು ಆಮೇಲೆ ನೋಡೋಣ" ಎಂದು ಇಟ್ಟುಬಿಟ್ಟರು. ನನ್ನನ್ನು ತೆಗೆದುಹಾಕಬಹುದು. ಹಾಕಲಿ. ಮತ್ತೆ ಆ ಇಳಿಜಾರಿಗೆ ಹೋಗುವ ಆಸೆ ಇದೆಯಾ ಎಂದು ಇವತ್ತು ಕೇಳಬೇಡ. ನಿದ್ದೆ ಮಾಡುವ ಆಸೆ ಇದೆ.

ನಿನ್ನ ಕೈ ತಪ್ಪಿಲ್ಲ. ಇದನ್ನು ಹೇಳಲು ಇಷ್ಟು ಬರೆದೆ. ಆಗ್ನೆಸ್‌ಳನ್ನು ಕರೆದು ಅವಳ ಸ್ಕೀ ತೆಗೆದುಕೋ. ಪೆಟ್ಟಿಗೆ ನಾವು ಯಾರಿಗೂ ಕೊಡುವುದಿಲ್ಲ, ನಿನ್ನಮ್ಮ ಅದರ ಮೇಲೆ ಹೂವಿನ ಕುಂಡ ಇಟ್ಟಿದ್ದಾರೆ. ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ, ಬರೆದರೆ ನೀನು ಕೂಡಲೇ ಕ್ಷಮಿಸುತ್ತೀಯೆ, ನಿನ್ನ ಸ್ವಭಾವ ಗೊತ್ತು. ಸ್ವಲ್ಪ ದಿನ ಸಿಟ್ಟು ಮಾಡು. ನನಗೂ ನಿನ್ನ ಮೇಲೆ ಇದೆ.

ಈಗಲೂ ನಿನ್ನ ಮನೆಯಲ್ಲೇ ಇರುವ,
ಬುರ್ಗಿ

ಮರೆತ ಮಾತು: ಕಾಗದ ಮಡಚುವ ಮೊದಲು ಆ ಹಳದಿ ಸ್ಕ್ರೂಡ್ರೈವರ್ ಒಂದು ಸಲ ನೋಡೋಣ ಎಂದು ಕುಂಡ ಇಳಿಸಿ ಪೆಟ್ಟಿಗೆ ತೆಗೆದೆ. ತಳದಲ್ಲಿ, ಮೇಣದ ತುಂಡುಗಳ ಕೆಳಗೆ, ನೀನು ಬೈಂಡಿಂಗಿನ ಅಂಕೆ ಬರೆದಿಡುವ ಪುಸ್ತಕ ಸಿಕ್ಕಿತು. ಬರೆದ ಕೊನೆಯ ಹಾಳೆ ಅವತ್ತಿನದು. 'ಬೆಳಿಗ್ಗೆ ೭: ಎಡ ೧೨, ಬಲ ೧೨.' ಅದರ ಕೆಳಗೆ, ಚಳಿಗೆ ಕೈ ಸೆಟೆದಿದ್ದಾಗ ಬರೆದ ಅಕ್ಷರ: '೯-೪೦, ಕಟ್ಟೆಯ ಮೇಲೆ. ಎಡ ೧೫. ಅವಳೇ ತಿರುಗಿಸಿದ್ದಾಳೆ. ಹೇಳಿದರೆ ಜಗಳ, ಹೊರಡುವ ಹೊತ್ತು. ಹೇಳಲಿಲ್ಲ.'

ಸೊಂಟ ಹಿಡಿದಿರಲಿಲ್ಲ ಹಾಗಾದರೆ.

ಇದನ್ನು ಮರೆತು ಕಳಿಸಿದೆಯೋ, ಬೇಕೆಂದೇ ಕಳಿಸಿದೆಯೋ ಕೇಳುವುದಿಲ್ಲ. ಮೇಲಿನದನ್ನು ಹರಿದು ಮತ್ತೆ ಬರೆಯಲು ನನ್ನಲ್ಲಿ ಶಕ್ತಿ ಇಲ್ಲ, ಹಾಗೇ ಕಳಿಸುತ್ತಿದ್ದೇನೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಕೆಳಗಿನ ರಸ್ತೆಗೆ ಬಂದು ನಿಂತಿರುತ್ತೇನೆ. ಪೆಟ್ಟಿಗೆ ಹೊತ್ತು ತರಲು ಈ ಮಂಡಿಗೆ ಆಗುವುದಿಲ್ಲ, ನೀನೇ ಮೇಲೆ ಮನೆಗೆ ಬರಬೇಕು. ಬರುವುದಿಲ್ಲ ಎನ್ನುವುದಾದರೆ ಬರುವುದಿಲ್ಲ ಎಂದು ಬಾಯಿ ಬಿಟ್ಟು ಹೇಳು. ಸುಮ್ಮನೆ ಮಾತ್ರ ಇರಬೇಡ.